ಹಳೆಯ ಕೆಲಸ, ಹೊಸ ಕೈಗಳು: ಕೊಡಗಿನ ತೋಟ ಮತ್ತು ಹೋಂಸ್ಟೇಗಳಲ್ಲಿ ಯುವ ನೌಕರರಿಗೆ ತರಬೇತಿ ರೂಪಿಸುವ ಬಗೆ

ಹಣ್ಣನ್ನು ಇಡಿಯಾಗಿಯೇ ಒಣಗಿಸಿದ ಕಾಫಿಯನ್ನು, ಅಂದರೆ ಚೆರಿಯನ್ನು, ಒಂದು ಹಿಡಿ ಎತ್ತಿ ಕಿವಿಯ ಬಳಿ ಅಲುಗಾಡಿಸಿದರೆ ಗಲಗಲ ಎಂಬ ಸದ್ದು ಬರಬೇಕು. ಬಂದರೆ ಅದನ್ನು ಕಣದಿಂದ ಎತ್ತುವ ಹೊತ್ತಾಯಿತು ಎಂದು ಅರ್ಥ. ಹಣ್ಣಿನ ಸಿಪ್ಪೆ ಸುಲಿದು ಒಣಗಿಸುವ ಪಾರ್ಚ್‌ಮೆಂಟ್ ಆದರೆ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಬೇಕು. ಒಡೆದ ಮೈಯಲ್ಲಿ ಬಿಳಿ ಕಾಣಿಸದೆ ಚೊಕ್ಕವಾಗಿ ಎರಡಾದರೆ ಅದು ಒಣಗಿದೆ ಎಂದು ಲೆಕ್ಕ. ಕಣದಲ್ಲಿ ವರ್ಷಗಟ್ಟಲೆ ದುಡಿದ ಎಲ್ಲರಿಗೂ ಇದು ಗೊತ್ತು, ಆದರೆ ಅವರಲ್ಲಿ ಒಬ್ಬರೂ ಇದನ್ನು ಪಾಠವಾಗಿ ಕಲಿತವರಲ್ಲ. ತಾಯಿಯ ಪಕ್ಕದಲ್ಲಿ ಕುಳಿತು, ಮೇಸ್ತ್ರಿಯ ಹಿಂದೆ ನಡೆದು, ಐದಾರು ಕೊಯ್ಲುಗಳನ್ನು ಕಂಡು, ಯಾರೂ ಹೇಳಿಕೊಡದೆಯೇ ಅವರು ಕಲಿತರು. ಅಂದಿನ ತರಬೇತಿ ಎಂದರೆ ಕಾಲವೇ ಆಗಿತ್ತು.

ಇಂದು ನಮ್ಮ ತೋಟಗಳಿಗೂ ಹೋಂಸ್ಟೇಗಳಿಗೂ ಬರುವ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೆರಡರ ಹರೆಯದವರಿಗೆ ಆ ಕಾಲ ಇಲ್ಲ. ಅವರು ಎರಡು ಅಥವಾ ಮೂರು ಕೊಯ್ಲಿನವರೆಗೆ ಇದ್ದು, ಮೈಸೂರಿಗೋ ಬೆಂಗಳೂರಿಗೋ ಹೊರಟುಬಿಡಬಹುದು. ಇದನ್ನು ಅವರ ಚಂಚಲತೆ ಎಂದು ಹಳಿಯುವವರನ್ನು ನಾನು ಬಹಳ ಕಂಡಿದ್ದೇನೆ, ಅವರ ಮಾತನ್ನು ಒಪ್ಪುವುದಿಲ್ಲ. ಹಿಂದೆ ಕಾಲವು ಮೌನವಾಗಿ ಕಲಿಸುತ್ತಿದ್ದುದನ್ನು ಈಗ ನಾವು ಬಾಯಿಬಿಟ್ಟು, ಕ್ರಮವಾಗಿ, ಕಾರಣಸಮೇತ ಹೇಳಿಕೊಡಬೇಕಾಗಿದೆ. ಈ ಮಾರ್ಗದರ್ಶಿ ಆ ಕೆಲಸದ ಕುರಿತಾದದ್ದು. ಇದನ್ನು ಸುಂಟಿಕೊಪ್ಪದ ಆಸುಪಾಸಿನ, ಕಾಫಿ ಮತ್ತು ಕರಿಮೆಣಸಿನ ಜೊತೆಗೆ ನಾಲ್ಕಾರು ಕೋಣೆಗಳ ಹೋಂಸ್ಟೇಯೂ ಇರುವ ಮಧ್ಯಮ ಗಾತ್ರದ ತೋಟವೊಂದನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇನೆ. ಅಂಗಡಿ, ಸಹಕಾರ ಸಂಘ, ರೆಸಾರ್ಟುಗಳವರು ತಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಆರಂಭಕ್ಕೆ ಮೊದಲು ಬಿಡಬೇಕಾದ ಎರಡು ನಂಬಿಕೆಗಳು

ಯುವಕರ ಗಮನ ಕೆಲವೇ ಸೆಕೆಂಡು ನಿಲ್ಲುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಒಂದು ಇಡೀ ದಿನ ಹಾಕಿ ಆಟದ ಮೈದಾನದ ಅಂಚಿನಲ್ಲಿ ನಿಂತು ಪಂದ್ಯ ನೋಡುವ ಹುಡುಗನಿಗೆ ಗಮನದ ಕೊರತೆ ಇದೆ ಎಂದು ಯಾರು ಹೇಳಿಯಾರು? ತನಗೆ ಏಕೆ ಬೇಕು ಎಂದು ತಿಳಿಯದ ಸಂಗತಿಯ ಮೇಲೆ ಅವನ ಗಮನ ನಿಲ್ಲುವುದಿಲ್ಲ, ಅಷ್ಟೆ. ಅದು ಅರವತ್ತರ ಹರೆಯದವರಿಗೂ ಅನ್ವಯಿಸುವ ಮಾತು.

ಒಬ್ಬರು ಕಣ್ಣಿನಿಂದ ಕಲಿಯುವವರು, ಇನ್ನೊಬ್ಬರು ಕಿವಿಯಿಂದ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಪಾಠ ಹಂಚಬೇಕು ಎಂಬುದು ಎರಡನೆಯ ನಂಬಿಕೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಈ ಕುರಿತ ಅಧ್ಯಯನಗಳನ್ನು ಪರಿಶೀಲಿಸಿ, ಹಾಗೆ ಹಂಚಿ ಕಲಿಸುವುದರಿಂದ ಲಾಭವಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ತೋರಿಸಿದರು. ಆದ್ದರಿಂದ ಕಲಿಯುವವನನ್ನು ವರ್ಗೀಕರಿಸುವ ಶ್ರಮ ಬೇಡ. ಕಲಿಸುವ ಕೆಲಸ ಎಂಥದು ಎಂಬುದನ್ನು ನೋಡಿ ವಿಧಾನವನ್ನು ಆರಿಸಿಕೊಳ್ಳಿ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿನ ಸದ್ದು ಕೆಟ್ಟಿದೆಯೇ ಎಂಬುದನ್ನು ಕಿವಿಯಿಂದಲೇ ಕಲಿಯಬೇಕು, ಕಾಯಿ ಹಣ್ಣಾಗಿದೆಯೇ ಎಂಬುದನ್ನು ಕಣ್ಣಿನಿಂದ ಮತ್ತು ಬೆರಳಿನಿಂದಲೇ ಕಲಿಯಬೇಕು.

ಹಂತ 1: ಹಿರಿಯರ ಕೈಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ತರಬೇತಿಯ ತಯಾರಿ ಯುವಕರಿಂದ ಅಲ್ಲ, ಹಿರಿಯರಿಂದ ಆರಂಭವಾಗಬೇಕು. ಒಂದು ನೋಟ್‌ಬುಕ್ ಹಿಡಿದು, ಒಂದು ಕೆಲಸವನ್ನು ಚೆನ್ನಾಗಿ ಬಲ್ಲವರ ಪಕ್ಕದಲ್ಲಿ ಅರ್ಧ ದಿನ ನಿಲ್ಲಿ. ಅವರು ಏನು ಹೇಳುತ್ತಾರೆ ಎಂಬುದಕ್ಕಿಂತ ಅವರ ಕೈ ಏನು ಮಾಡುತ್ತದೆ ಎಂಬುದನ್ನು ಬರೆದುಕೊಳ್ಳಿ, ಏಕೆಂದರೆ ಬಹುಕಾಲದ ಅಭ್ಯಾಸವಿರುವವರು ತಾವು ಮಾಡುವ ಅರ್ಧದಷ್ಟನ್ನು ಹೇಳುವುದೇ ಇಲ್ಲ; ಅದು ಹೇಳಬೇಕಾದ ವಿಷಯ ಎಂದು ಅವರಿಗೆ ತೋಚುವುದೂ ಇಲ್ಲ.

ಕಣದ ಕೆಲಸದ ಬಗ್ಗೆ ನಾನು ಹೀಗೆ ಬರೆದುಕೊಂಡ ದಿನ, ಹಿರಿಯಾಕೆಯೊಬ್ಬರು ಚೆರಿಯನ್ನು ಹರವಿ, ಗೆರೆ ಎಳೆದು, ಗಂಟೆಗೊಮ್ಮೆ ಮಗುಚುತ್ತಿದ್ದರು. ಅಷ್ಟು ನನಗೆ ಮೊದಲೇ ಗೊತ್ತಿತ್ತು. ನಾನು ಕಾಣದೆ ಇದ್ದದ್ದು, ಅವರು ಪ್ರತಿ ಸಲವೂ ಕಣದ ಅಂಚಿನ, ಮರದ ನೆರಳು ಬೀಳುವ ಮೂಲೆಯಿಂದಲೇ ಒಂದು ಹಿಡಿ ಎತ್ತಿ ನೋಡುತ್ತಿದ್ದುದು. ಏಕೆ ಎಂದು ಕೇಳಿದಾಗ, "ನಡುವಿನದು ಒಣಗೇ ಒಣಗ್ತದೆ ಸಾರ್, ಮೋಸ ಮಾಡುವುದು ಮೂಲೆಯದ್ದೇ" ಎಂದರು. ಆ ಒಂದು ವಾಕ್ಯ ನಮ್ಮ ತರಬೇತಿಯ ಹಾಳೆಯಲ್ಲಿ ಇಂದಿಗೂ ಮೊದಲ ಸಾಲಾಗಿದೆ. ನೆರಳಿನಲ್ಲಿ ಉಳಿದ ಒಂದಿಷ್ಟು ಹಸಿ ಕಾಯಿ ಚೀಲದೊಳಗೆ ಸೇರಿದರೆ ಬೂಷ್ಟು ಹಿಡಿದು ಸುತ್ತಲಿನದನ್ನೂ ಕೆಡಿಸುತ್ತದೆ.

ಹೀಗೆ ಬರೆದುಕೊಂಡದ್ದನ್ನು ಮೂರು ಕಾಲಂಗಳಾಗಿ ವಿಂಗಡಿಸಿ: ಏನು ಮಾಡಬೇಕು, ಅದರಲ್ಲಿ ಎಚ್ಚರ ವಹಿಸಬೇಕಾದ ಜಾಗ ಯಾವುದು, ಏಕೆ ಹಾಗೆ. ಮೂರನೆಯ ಕಾಲಂ ಖಾಲಿ ಉಳಿದರೆ ಆ ಕೆಲಸವನ್ನು ಕಲಿಸಲು ನೀವು ಇನ್ನೂ ಸಿದ್ಧರಾಗಿಲ್ಲ ಎಂದು ತಿಳಿಯಿರಿ. ಬಿಳಿ ಕಾಂಡಕೊರಕ ಎಂಬ ದುಂಬಿಯ ಹುಳು ತಗಲಿದ ಅರೇಬಿಕಾ ಜಾತಿಯ ಕಾಫಿ ಗಿಡವನ್ನು ಗುರುತಿಸಿ ಕಿತ್ತು ಸುಡಬೇಕು ಎಂದಷ್ಟೇ ಹೇಳಿದರೆ, ಹಸಿರಾಗಿಯೇ ಕಾಣುವ ಗಿಡವನ್ನು ಕೀಳಲು ಹೊಸಬನಿಗೆ ಮನಸ್ಸು ಬರುವುದಿಲ್ಲ. ದುಂಬಿ ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರಾಡಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ, ಅದರ ಮೊದಲೇ ಗಿಡವನ್ನು ತೆಗೆಯದಿದ್ದರೆ ಅದರೊಳಗಿನ ಹುಳುಗಳು ದುಂಬಿಗಳಾಗಿ ಹೊರಬಂದು ಅಕ್ಕಪಕ್ಕದ ಗಿಡಗಳಿಗೆ ದಾಟುತ್ತವೆ ಎಂದು ವಿವರಿಸಿ, ಒಂದು ಕಾಂಡವನ್ನು ಸೀಳಿ ಒಳಗಿನ ಸುರಂಗವನ್ನು ತೋರಿಸಿದರೆ, ಅವನೇ ಮುಂದಿನ ಸಾಲಿನಲ್ಲಿ ಕಾಂಡದ ಮೇಲಿನ ಉಬ್ಬುಗೆರೆಗಳನ್ನು ಹುಡುಕತೊಡಗುತ್ತಾನೆ.

ಹಂತ 2: ಬಂದವರು ಯಾರು ಎಂದು ತಿಳಿದುಕೊಳ್ಳಿ

ಮೊದಲು ವಯಸ್ಸಿನ ದಾಖಲೆ ನೋಡಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವಂತಿಲ್ಲ, ಹದಿನಾಲ್ಕರಿಂದ ಹದಿನೆಂಟರ ನಡುವಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಏಣಿ, ಔಷಧಿ ಸಿಂಪಡಣೆ, ಯಂತ್ರ ಇವೆಲ್ಲ ಇರುವ ತೋಟದಲ್ಲಿ ಹದಿನೆಂಟು ತುಂಬದವರನ್ನು ತೆಗೆದುಕೊಳ್ಳದಿರುವುದೇ ಸರಿ ಎಂಬುದು ನನ್ನ ನಿಲುವು.

ಆಮೇಲೆ ಭಾಷೆ. ನಮ್ಮಲ್ಲಿ ಒಂದೇ ಗುಂಪಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ ಆಡುವವರು ಇರುತ್ತಾರೆ. ಅಸ್ಸಾಮಿನಿಂದ ಬಂದವರೂ ಸೇರಿದರೆ ಹಿಂದಿ, ಬಂಗಾಳಿಯೂ ಬೇಕಾಗುತ್ತದೆ. ಕನ್ನಡದಲ್ಲಿ ಹೇಳಿದ್ದಕ್ಕೆ ತಲೆಯಾಡಿಸಿದವರೆಲ್ಲ ಅರ್ಥ ಮಾಡಿಕೊಂಡಿದ್ದಾರೆ ಎಂದು ಭಾವಿಸಬೇಡಿ. ಮನೆಯಲ್ಲಿ ಯಾವ ಭಾಷೆ, ಎಲ್ಲಿಯವರೆಗೆ ಓದಿದ್ದಾರೆ, ಮೊದಲು ಎಲ್ಲಿ ಕೆಲಸ ಮಾಡಿದ್ದಾರೆ, ಎರಡು ವರ್ಷದ ನಂತರ ಏನಾಗಬೇಕೆಂದಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಹತ್ತು ನಿಮಿಷ ಕುಳಿತು ಕೇಳಿ ಬರೆದಿಟ್ಟುಕೊಳ್ಳಿ. ಕುಶಾಲನಗರದ ಪಾಲಿಟೆಕ್ನಿಕ್‌ನಲ್ಲಿ ಓದಿ ಬಂದವನಿಗೆ ಮೋಟಾರಿನ ಮೂಲಪಾಠ ಬೇಕಿಲ್ಲ. ತೋಟದ ಲೈನ್‌ಮನೆಯಲ್ಲೇ (ಕೆಲಸಗಾರರ ಸಾಲುಮನೆ) ಬೆಳೆದ ಹುಡುಗಿಗೆ ಕಾಫಿ ಗಿಡದ ಪರಿಚಯ ಬೇಕಿಲ್ಲ. ಗೊತ್ತಿರುವುದನ್ನೇ ಮತ್ತೆ ಕೇಳಿಸುವುದು ಯುವಕರಿಗೆ ಅವಮಾನದಂತೆ ತೋರುತ್ತದೆ, ಅದು ಸಹಜ ಕೂಡ.

ಹಂತ 3: ಮೊದಲ ದಿನವನ್ನು ಜೀವಕ್ಕೆ ಮೀಸಲಿಡಿ

ಮೊದಲ ದಿನ ಕೆಲಸದ ಕೌಶಲ ಬೇಡ. ಆ ದಿನ ಕಲಿಯಬೇಕಾದದ್ದು ಸಂಜೆ ಸುರಕ್ಷಿತವಾಗಿ ಮನೆಗೆ ಮರಳುವುದನ್ನು. ಕೊಡಗಿನ ತೋಟದಲ್ಲಿ ಇದಕ್ಕೆ ಮೂರು ಸಂಗತಿಗಳು ಮುಖ್ಯ.

ಒಂದು, ವಿದ್ಯುತ್ ತಂತಿ ಮತ್ತು ಏಣಿ. ಕರಿಮೆಣಸು ಕೊಯ್ಯುವಾಗ, ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಜಿಲ್ಲೆಯಲ್ಲಿ ಅನೇಕ ಜೀವಗಳು ಹೋಗಿವೆ. ಇದನ್ನು ನೆರಳಿನಲ್ಲಿ ಕೂರಿಸಿ ಭಾಷಣವಾಗಿ ಹೇಳಬೇಡಿ. ಹೊಸಬರನ್ನು ಕರೆದುಕೊಂಡು ತೋಟದ ಮೇಲೆ ಹಾದುಹೋಗುವ ಪ್ರತಿಯೊಂದು ತಂತಿಯ ಕೆಳಗೆ ನಡೆಯಿರಿ, ಎಲೆಗಳ ಮರೆಯಲ್ಲಿ ತಂತಿ ಹೇಗೆ ಕಾಣದಂತಿರುತ್ತದೆ ಎಂಬುದನ್ನು ಅವರ ಕಣ್ಣಿನಿಂದಲೇ ನೋಡಲಿ, ಬಳಿಕ ತೋಟದ ನಕ್ಷೆಯ ಮೇಲೆ ಅವರ ಕೈಯಿಂದಲೇ ಕೆಂಪು ಗೆರೆ ಎಳೆಸಿ. ಏಣಿಯನ್ನು ನಿಲ್ಲಿಸಿಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ಸಾಗಿಸಬಾರದು, ಮಲಗಿಸಿ ಇಬ್ಬರು ಹಿಡಿದು ಒಯ್ಯಬೇಕು ಎಂಬ ನಿಯಮವನ್ನು ಆಗಲೇ ಮಾಡಿಸಿ ನೋಡಿ. ತಂತಿ ಹಾಯ್ದ ತಾಕುಗಳಲ್ಲಿ ಅಲ್ಯೂಮಿನಿಯಂ ಏಣಿಯನ್ನು ಬಳಸಲೇಬಾರದು, ಆ ಸಾಲಿನ ಮೆಣಸು ಹಾಗೆಯೇ ಉಳಿದರೂ ಚಿಂತೆಯಿಲ್ಲ.

ಎರಡು, ಆನೆ. ಬೆಳಗಿನ ಮಬ್ಬು, ಸಂಜೆಯ ಮಬ್ಬಿನಲ್ಲಿ ಒಬ್ಬರೇ ತೋಟದ ದಾರಿಯಲ್ಲಿ ನಡೆಯಬಾರದು. ಹಲಸು ಹಣ್ಣಾಗುವ ದಿನಗಳಲ್ಲಿ, ನೀರಿನ ಕೆರೆಯ ಹತ್ತಿರ ಹೆಚ್ಚು ಎಚ್ಚರ ಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯಬಾರದು. ಕೊನೆಯದನ್ನು ಯುವಕರಿಗೆ ಹೇಳುವಾಗ ಗದರಿಕೆಯ ಧ್ವನಿ ಬೇಡ. ತೋಟದಲ್ಲಿ ಕೊಂಬೆ ಮುರಿಯುವ ಸದ್ದೇ ನಮಗೆ ಸಿಗುವ ಮೊದಲ ಎಚ್ಚರಿಕೆ, ಅದನ್ನು ಕೇಳುವ ಕಿವಿ ಮುಚ್ಚಿರಬಾರದು ಎಂದು ಕಾರಣ ಹೇಳಿದರೆ ಸಾಕು. ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಯ ಫೋನ್ ಸಂಖ್ಯೆಯನ್ನು ಅಲ್ಲೇ ಅವರ ಮೊಬೈಲಿನಲ್ಲಿ ಸೇರಿಸಿಕೊಳ್ಳಲಿ.

ಮೂರು, ಮನುಷ್ಯರಿಂದ ರಕ್ಷಣೆ. ಹೊಸದಾಗಿ ಬಂದ ಯುವತಿಯರಿಗೆ ಯಾರಾದರೂ ತೊಂದರೆ ಕೊಟ್ಟರೆ ಯಾರಿಗೆ ಹೇಳಬೇಕು ಎಂಬುದು ಮೊದಲ ದಿನವೇ ಗೊತ್ತಿರಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಜಾಗದಲ್ಲಿ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಕಡೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ವಿಷಯವನ್ನು ಯುವಕರ ಎದುರಿಗೂ ಹೇಳಿ.

ದಿನದ ಕೊನೆಗೆ ಒಂದು ಕೆಲಸ ಮಾಡಿ. ಖರ್ಚು ಏನೂ ಇಲ್ಲ, ಫಲ ಬಹಳ. ಚೆನ್ನಾಗಿ ಒಣಗಿಸಿದ ಬೀಜದಿಂದ ಒಂದು ಪಾತ್ರೆ ಕಾಫಿಯನ್ನೂ, ಎಳೆಯ ಹಸಿರು ಕಾಯಿಗಳನ್ನೇ ಆರಿಸಿ ಒಣಗಿಸಿ ಹುರಿದ ಬೀಜದಿಂದ ಇನ್ನೊಂದು ಪಾತ್ರೆ ಕಾಫಿಯನ್ನೂ ಹಾಲು, ಸಕ್ಕರೆ ಇಲ್ಲದೆ ಕಾಯಿಸಿ ಕುಡಿಸಿ. ಎರಡನೆಯದರ ಒಗರು ನಾಲಿಗೆಗೆ ತಗುಲಿದಾಗ ಮುಖ ಕಿವಿಚದವರನ್ನು ನಾನು ಇದುವರೆಗೆ ಕಂಡಿಲ್ಲ. ಹಣ್ಣನ್ನು ಮಾತ್ರ ಕೊಯ್ಯಬೇಕು ಎಂದು ಮರುದಿನ ನೂರು ಸಲ ಹೇಳುವ ಅಗತ್ಯ ಆಮೇಲೆ ಬೀಳುವುದಿಲ್ಲ.

ಹಂತ 4: ಚಿಕ್ಕ ಪಾಠ, ಕೂಡಲೇ ಕೆಲಸ, ಮತ್ತೆ ಮತ್ತೆ ನೆನಪು

ಇದು ಇಡೀ ತರಬೇತಿಯ ಹೃದಯ. ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಲಕ್ಷಾಂತರ ಕೆಲಸಗಾರರು ಒಮ್ಮೆಲೇ ಬಂದಾಗ, ಅವರನ್ನು ಬೇಗ ಸಿದ್ಧಗೊಳಿಸಲು ಅಲ್ಲಿನ ಸರ್ಕಾರ ಒಂದು ಕಾರ್ಯಕ್ರಮ ನಡೆಸಿತು. ಅದರ ಬೋಧನಾಕ್ರಮದಲ್ಲಿ ನಾಲ್ಕೇ ಹೆಜ್ಜೆಗಳಿದ್ದವು: ಕಲಿಯುವವನ ಮನಸ್ಸನ್ನು ಸಿದ್ಧಪಡಿಸುವುದು, ಕೆಲಸವನ್ನು ತೋರಿಸುವುದು, ಅವನಿಂದ ಮಾಡಿಸುವುದು, ಆಮೇಲೆ ಬಿಟ್ಟುಕೊಟ್ಟು ಆಗಾಗ ಹೋಗಿ ನೋಡುವುದು. ಎಂಬತ್ತು ವರ್ಷ ಕಳೆದರೂ ಕೈಕೆಲಸ ಕಲಿಸಲು ಇದಕ್ಕಿಂತ ಸರಳವಾದ ಕ್ರಮ ನನಗೆ ಕಂಡಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡನೆಯ ಹೆಜ್ಜೆ ಮಾತ್ರ. ಮೇಸ್ತ್ರಿ ಒಮ್ಮೆ ತೋರಿಸಿ "ಗೊತ್ತಾಯ್ತಲ್ಲ?" ಎಂದು ಕೇಳುತ್ತಾನೆ, ಹುಡುಗ "ಗೊತ್ತಾಯ್ತು ಅಣ್ಣ" ಎನ್ನುತ್ತಾನೆ, ಸಂಜೆ ಸಾಲೊಂದು ಹಾಳಾಗಿರುತ್ತದೆ.

ಅದರ ಬದಲು ಹೀಗೆ ಮಾಡಿ. ಬೆಳಿಗ್ಗೆ ಹಾಜರಿ ಆದ ಮೇಲೆ ಹದಿನೈದರಿಂದ ಇಪ್ಪತ್ತು ನಿಮಿಷ, ಒಂದೇ ಒಂದು ವಿಷಯ. ಕಾಫಿ ಗಿಡದ ಚಿಗುರು ತೆಗೆಯುವ ಕೆಲಸ ಎಂದು ಇಟ್ಟುಕೊಳ್ಳಿ. ಹಿರಿಯರೊಬ್ಬರು ಮೊದಲ ಗಿಡದಲ್ಲಿ ಮಾತಿಲ್ಲದೆ, ಎಂದಿನ ವೇಗದಲ್ಲಿ ಮಾಡಿ ತೋರಿಸಲಿ. ಎರಡನೆಯ ಗಿಡದಲ್ಲಿ ನಿಧಾನವಾಗಿ, ಯಾವ ರೆಂಬೆಯನ್ನು ಏಕೆ ಬಿಡುತ್ತೇನೆ, ಯಾವುದನ್ನು ಏಕೆ ತೆಗೆಯುತ್ತೇನೆ ಎಂದು ಹೇಳುತ್ತಾ ಮಾಡಲಿ. ಮೂರನೆಯ ಗಿಡದಲ್ಲಿ ಹೊಸಬ ಹೇಳಬೇಕು, ಹಿರಿಯರ ಕೈ ಅದರಂತೆ ನಡೆಯಬೇಕು. ಅವನು ತಪ್ಪು ಹೇಳಿದರೆ ಕತ್ತರಿ ನಿಲ್ಲಬೇಕು, ಏಕೆ ನಿಂತಿತು ಎಂದು ಅವನೇ ಯೋಚಿಸಬೇಕು. ನಾಲ್ಕನೆಯ ಗಿಡ ಅವನದು. ಈ ಮೂರನೆಯ ಗಿಡವನ್ನು ಯಾವ ಕಾರಣಕ್ಕೂ ಬಿಡಬೇಡಿ. ಮಾಡುವ ಮೊದಲು ಬಾಯಲ್ಲಿ ಹೇಳಿದ ಕೆಲಸದಲ್ಲಿ ತಪ್ಪುಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದನ್ನು ನೀವೇ ಕಾಣುವಿರಿ.

ಕಲಿತದ್ದು ಉಳಿಯಬೇಕಾದರೆ ಮರುಕಳಿಕೆ ಬೇಕು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಫಲಿತಾಂಶದ ಸಾರ ಇಷ್ಟು: ಕಲಿತ ಕೂಡಲೇ ಮರೆವು ಅತ್ಯಂತ ವೇಗವಾಗಿ ಆರಂಭವಾಗುತ್ತದೆ, ದಿನಗಳ ಅಂತರ ಬಿಟ್ಟು ಮತ್ತೆ ಕಲಿತರೆ ಹೆಚ್ಚು ಉಳಿಯುತ್ತದೆ. ಆದ್ದರಿಂದ ಸೋಮವಾರದ ಪಾಠವನ್ನು ಮಂಗಳವಾರ ಎರಡು ನಿಮಿಷ, ಶುಕ್ರವಾರ ಎರಡು ನಿಮಿಷ, ಮುಂದಿನ ವಾರದ ನಡುವೆ ಇನ್ನೊಮ್ಮೆ ಕೇಳಿ. ನೀವು ಮತ್ತೆ ಹೇಳಬೇಡಿ, ಅವರಿಂದ ಹೇಳಿಸಿ. ಮೂರು ದಿನದ ತರಬೇತಿ ಶಿಬಿರ ಮಾಡಿ, ಮಧ್ಯಾಹ್ನ ಬಿರಿಯಾನಿ ಹಾಕಿಸಿ, ಫೋಟೋ ತೆಗೆದು ಮುಗಿಸುವುದಕ್ಕಿಂತ ಈ ಎರಡೆರಡು ನಿಮಿಷಗಳು ಬಹಳ ದೂರ ಒಯ್ಯುತ್ತವೆ.

ಇನ್ನೊಂದು ಮಾತು: ತಪ್ಪಿದರೂ ನಷ್ಟ ಕಡಿಮೆಯಿರುವ ಒಂದು ಜಾಗವನ್ನು ಅವರಿಗಾಗಿಯೇ ಬಿಟ್ಟುಕೊಡಿ. ನಾವು ಹಳೆಯ ರೋಬಸ್ಟಾ ಕಾಫಿ ಇರುವ ಒಂದು ಸಣ್ಣ ತಾಕನ್ನು ಕಸಿ, ಅಂದರೆ ರೆಂಬೆ ಸವರುವುದನ್ನು, ಕಲಿಯುವವರಿಗೆಂದು ಮೀಸಲಿಟ್ಟಿದ್ದೇವೆ. ಅಲ್ಲಿನ ಗಿಡಗಳು ನೋಡಲು ಚೆಂದವಿಲ್ಲ. ಆದರೆ ಉಳಿದ ತೋಟದ ಗಿಡಗಳು ಚೆಂದವಾಗಿರಲು ಅವೇ ಕಾರಣ.

ಹಂತ 5: ಮೊಬೈಲನ್ನು ಕೆಲಸಕ್ಕೆ ಹಚ್ಚಿ

ಹಿರಿಯರ ಕೈಗಳನ್ನು ಹತ್ತಿರದಿಂದ ತೋರಿಸುವ, ಒಂದು ಅಥವಾ ಒಂದೂವರೆ ನಿಮಿಷದ ವಿಡಿಯೋಗಳನ್ನು ನಿಮ್ಮ ತೋಟದಲ್ಲೇ ತೆಗೆಯಿರಿ. ಯೂಟ್ಯೂಬಿನಲ್ಲಿ ಸಿಗುವ ಹೊರದೇಶದ ತೋಟಗಳ ವಿಡಿಯೋಗಳಲ್ಲಿ ನಮ್ಮ ನೆರಳು ಮರಗಳೂ ಇಳಿಜಾರೂ ಇರುವುದಿಲ್ಲ. ತೆಗೆಯುವ ಕೆಲಸವನ್ನು ಯುವಕರಿಗೇ ವಹಿಸಿ, ಏಕೆಂದರೆ ವಿಡಿಯೋ ತೆಗೆಯಲು ಎಲ್ಲಿಂದ ಆರಂಭಿಸಬೇಕು, ಎಲ್ಲಿ ಹತ್ತಿರ ಹೋಗಬೇಕು ಎಂದು ನಿರ್ಧರಿಸುವಾಗಲೇ ಅವರು ಕೆಲಸವನ್ನು ಕಲಿತಿರುತ್ತಾರೆ. ಬರಹಕ್ಕಿಂತ ಅವರವರ ಭಾಷೆಯ ಧ್ವನಿ ಸಂದೇಶಗಳು ಬೇಗ ತಲುಪುತ್ತವೆ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲ ಎಂಬುದನ್ನು ನೆನಪಿಟ್ಟು, ಎಲ್ಲವನ್ನೂ ಮೊದಲೇ ಫೋನಿನಲ್ಲಿ ಇಳಿಸಿಡಿ, ಮುಖ್ಯವಾದ ಹಾಳೆಗಳನ್ನು ಮುದ್ರಿಸಿ ಸ್ಟೋರಿನ ಗೋಡೆಗೆ ಅಂಟಿಸಿ. ಏಣಿಯ ಮೇಲೆ, ವೀಡ್ ಕಟ್ಟರ್ ಹಿಡಿದಾಗ, ಪಲ್ಪರ್ ಓಡುವಾಗ ಫೋನ್ ಕೈಯಲ್ಲಿ ಇರಬಾರದು. ಈ ನಿಯಮ ತೋಟದ ಲೆಕ್ಕ ಬರೆಯುವ ರೈಟರಿಗೂ ಮಾಲೀಕರಿಗೂ ಅಷ್ಟೇ ಅನ್ವಯಿಸಬೇಕು.

ಹಂತ 6: ಜೊತೆಗಾರರನ್ನು ಆರಿಸುವುದು

ಹೊಸಬನಿಗೆ ಮೇಸ್ತ್ರಿಯನ್ನು ಪ್ರಶ್ನೆ ಕೇಳಲು ಸಂಕೋಚ. ಆದ್ದರಿಂದ ಒಂದೆರಡು ಕೊಯ್ಲಿನಷ್ಟು ಮಾತ್ರ ಹಿರಿಯರಾದ, ಅದೇ ಭಾಷೆ ಆಡುವ ಒಬ್ಬರನ್ನು ಮೊದಲ ಒಂದು ತಿಂಗಳು ಜೊತೆಗೆ ಹಾಕಿ. ಆ ಜೊತೆಗಾರರ ದಿನದ ಕೆಲಸ ಕಡಿಮೆಯಾಗುವುದು ಖಂಡಿತ, ಕೆ.ಜಿ. ಲೆಕ್ಕದ ಮೇಲೆ ಕೊಯ್ಲಿನ ಕೂಲಿ ಪಡೆಯುವವರಾದರೆ ಆ ನಷ್ಟವನ್ನು ತೋಟ ತುಂಬಿಕೊಡಬೇಕು. ಇದನ್ನು ತುಂಬಿಕೊಡದ ಕಡೆ ಈ ವ್ಯವಸ್ಥೆ ಒಂದು ವಾರವೂ ನಿಲ್ಲುವುದಿಲ್ಲ.

ಮೇಸ್ತ್ರಿಯ ಗೌರವಕ್ಕೆ ಕುಂದು ಬಾರದಂತೆಯೂ ನೋಡಿಕೊಳ್ಳಬೇಕು. ಹೊಸ ತರಬೇತಿ ಎಂದರೆ ತನ್ನ ವಿದ್ಯೆಗೆ ಬೆಲೆಯಿಲ್ಲ ಎಂಬ ಭಾವನೆ ಅವರಲ್ಲಿ ಮೂಡಿದರೆ ಎಲ್ಲ ಯೋಜನೆಯೂ ಒಳಗಿಂದಲೇ ಕುಸಿಯುತ್ತದೆ. ನಮ್ಮಲ್ಲಿ ತೇವಾಂಶ ಮಾಪಕ ತಂದ ವರ್ಷ ಒಬ್ಬ ಹುಡುಗಿ ಅದನ್ನು ಬೇಗ ಕಲಿತಳು. ಪಾರ್ಚ್‌ಮೆಂಟ್ ಶೇಕಡಾ 10ಕ್ಕೆ, ಅರೇಬಿಕಾ ಚೆರಿ 10.5ಕ್ಕೆ, ರೋಬಸ್ಟಾ ಚೆರಿ 11ಕ್ಕೆ ಬರಬೇಕು ಎಂಬ ಅಂಕಿಗಳು ಅವಳಿಗೆ ಬಾಯಿಪಾಠ. ಆದರೆ ನಾವು ಮಾಪಕವನ್ನು ನೇರವಾಗಿ ಅವಳ ಕೈಗೆ ಕೊಡಲಿಲ್ಲ. ಕಣದ ಹಿರಿಯಾಕೆ ಮೊದಲು ಕಚ್ಚಿ, ಅಲುಗಾಡಿಸಿ ತನ್ನ ತೀರ್ಪು ಹೇಳಬೇಕು, ಆಮೇಲೆ ಹುಡುಗಿ ಮಾಪಕದಲ್ಲಿ ನೋಡಬೇಕು, ಎರಡನ್ನೂ ಪುಸ್ತಕದಲ್ಲಿ ಪಕ್ಕಪಕ್ಕದಲ್ಲಿ ಬರೆಯಬೇಕು ಎಂದು ಗೊತ್ತುಮಾಡಿದೆವು. "ಕಚ್ಚಿ ನೋಡು ಮಗಾ, ಹಲ್ಲಿಗೇ ಗೊತ್ತಾಗ್ತದೆ" ಎಂದು ಆಕೆ ಕಲಿಸಿದರು. ಮಾಪಕದ ಅಂಕಿ ಓದುವುದನ್ನು ಹುಡುಗಿ ಅವರಿಗೆ ಕಲಿಸಿದಳು. ಆ ಕೊಯ್ಲು ಮುಗಿಯುವ ಹೊತ್ತಿಗೆ ಮಾಪಕದ ಬ್ಯಾಟರಿ ಮುಗಿದ ದಿನವೂ ಕೆಲಸ ನಿಲ್ಲಲಿಲ್ಲ.

ಹಂತ 7: ತಿದ್ದುವ ಬಗೆ

ತಪ್ಪನ್ನು ಕೂಡಲೇ, ಒಂಟಿಯಾಗಿ ಕರೆದು, ಕೆಲಸದ ಬಗ್ಗೆ ಮಾತ್ರ ಹೇಳಿ. ಇದನ್ನು ನಾನು ಕಲಿತದ್ದು ಒಬ್ಬ ಹುಡುಗನನ್ನು ಕಳೆದುಕೊಂಡು. ಪಲ್ಪರಿಗೆ ನೀರು ಬಿಡುವುದು ತಡವಾಗಿ ಕಾಯಿ ಸಿಕ್ಕಿಕೊಂಡಾಗ, ಇಪ್ಪತ್ತು ಜನರ ಎದುರು ಅವನ ಮನೆತನವನ್ನೂ ಎಳೆದು ಬೈದೆ. ಅವನು ಮರುಮಾತಾಡಲಿಲ್ಲ, ಸಂಜೆಯವರೆಗೆ ಕೆಲಸ ಮಾಡಿದ, ಶನಿವಾರದ ಬಟವಾಡೆ ತೆಗೆದುಕೊಂಡು ಭಾನುವಾರ ಸಂತೆಗೆ ಹೋದವನು ಮರಳಿ ಬರಲಿಲ್ಲ. ನೀರಿನ ಗೇಟ್‌ವಾಲ್ವ್ ಬಿಗಿಯಾಗಿ ತಿರುಗದೆ ಇದ್ದುದು ಮರುದಿನ ಬೇರೊಬ್ಬ ಹೇಳಿದಾಗಲೇ ನನಗೆ ತಿಳಿದದ್ದು. ಅವನು ಹೇಳಬಹುದಿತ್ತು, ಹೇಳಲು ನಾನು ಅವಕಾಶ ಕೊಟ್ಟಿರಲಿಲ್ಲ.

ಆ ದಿನದಿಂದ ತಿದ್ದುವ ಮಾತನ್ನು ಪ್ರಶ್ನೆಯಿಂದಲೇ ಆರಂಭಿಸುತ್ತೇನೆ: "ಏನಾಯ್ತು, ಮೊದಲಿಂದ ಹೇಳು." ಏಕವಚನ ಬೇಡ ಎನ್ನುವವರೊಂದಿಗೆ ಬಹುವಚನ. ಹೊಸದಾಗಿ ಬಂದ ಯುವಕರನ್ನು ಹೆಸರು ಹಿಡಿದು ಕರೆಯಬೇಕು. "ಏಯ್", "ಲೋ" ಎಂಬ ಕೂಗುಗಳು ತೋಟದಿಂದ ಹೋಗಲೇಬೇಕು. ಸುರಕ್ಷತೆಯ ವಿಷಯದಲ್ಲಿ ಮಾತ್ರ ಒಂದು ವಿನಾಯಿತಿ ಉಂಟು: ಏಣಿ ತಂತಿಯ ಕಡೆ ವಾಲುತ್ತಿದ್ದರೆ ಎಲ್ಲರೆದುರೂ ಕೂಗಿಯೇ ನಿಲ್ಲಿಸಬೇಕು, ವಿವರಣೆ ಆಮೇಲೆ.

ಹಂತ 8: ಅತಿಥಿಗಳ ಎದುರು ನಿಲ್ಲುವವರಿಗೆ

ಹೋಂಸ್ಟೇ ಕೆಲಸಕ್ಕೆ ಬರುವ ಯುವಕರಿಗೆ ಹಾಸಿಗೆ ಹಾಸುವುದು, ಕಡುಬು, ನೂಪುಟ್ಟು ಬಡಿಸುವುದು ಬೇಗ ಬರುತ್ತದೆ. ಅವರಿಗೆ ಕಷ್ಟವಾಗುವುದು "ಆಗುವುದಿಲ್ಲ" ಎಂದು ಹೇಳುವುದು. ತುಂಬಿದ ಹೊಳೆಗೆ ಇಳಿಯುತ್ತೇನೆ ಎನ್ನುವ, ರಾತ್ರಿ ತೋಟದಲ್ಲಿ ಸುತ್ತಾಡುತ್ತೇನೆ ಎನ್ನುವ, ತನಗಿಂತ ಇಪ್ಪತ್ತು ವರ್ಷ ದೊಡ್ಡವರಾದ, ದುಡ್ಡು ಕೊಟ್ಟು ಬಂದ ಅತಿಥಿಯನ್ನು ತಡೆಯಲು ಹತ್ತೊಂಬತ್ತರ ಹುಡುಗನಿಗೆ ಧೈರ್ಯ ಎಲ್ಲಿಂದ ಬರಬೇಕು? ಅದನ್ನು ಅಭ್ಯಾಸದಿಂದ ತರಬೇಕು. ಒಬ್ಬರು ಅತಿಥಿಯಾಗಿ, ಹಟ ಮಾಡುತ್ತಾ, ಸಿಟ್ಟು ಮಾಡುತ್ತಾ ನಟಿಸಲಿ. ಹೊಸಬ ಮೂರು ಸಲ ಬೇರೆ ಬೇರೆ ಮಾತುಗಳಲ್ಲಿ ವಿನಯದಿಂದ ನಿರಾಕರಿಸಲಿ. "ಸರ್, ಈಗ ಹೊಳೆಗೆ ಬಿಡುವ ಹಾಗಿಲ್ಲ, ನೀರು ತಗ್ಗಿದ ಮೇಲೆ ನಾನೇ ಕರೆದುಕೊಂಡು ಹೋಗ್ತೇನೆ" ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರಬೇಕು. ಹಾಗೆ ತಡೆದದ್ದಕ್ಕೆ ಅತಿಥಿ ದೂರು ಕೊಟ್ಟರೆ ಮಾಲೀಕರು ನೌಕರನ ಪರವಾಗಿ ನಿಲ್ಲುತ್ತಾರೆ ಎಂದು ಮೊದಲೇ, ಎಲ್ಲರೆದುರು ಹೇಳಿರಬೇಕು.

2018ರ ಆಗಸ್ಟಿನ ಭೂಕುಸಿತಗಳನ್ನು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ಕಂಡ ಜಿಲ್ಲೆ ನಮ್ಮದು. ಜೂನ್ ಮೊದಲ ವಾರದಲ್ಲಿ ಪ್ರತಿಯೊಬ್ಬ ಸಿಬ್ಬಂದಿಯೂ ಅತಿಥಿಗಳನ್ನು ಎಲ್ಲಿ ಸೇರಿಸಬೇಕು, ಯಾವ ದಾರಿಯಲ್ಲಿ ಹೊರಗೆ ಕಳಿಸಬೇಕು, ಗುಡ್ಡದ ನೀರು ಏಕಾಏಕಿ ಕೆಂಪಾದರೆ ಅಥವಾ ನೆಲದಲ್ಲಿ ಬಿರುಕು ಕಂಡರೆ ಯಾರಿಗೆ ಹೇಳಬೇಕು ಎಂಬುದನ್ನು ಒಮ್ಮೆ ನಡೆದೇ ಅಭ್ಯಾಸ ಮಾಡಬೇಕು.

ಹಂತ 9: ವರ್ಷದ ಪಟ್ಟಿ

ತರಬೇತಿಯ ದಿನಗಳನ್ನು ಕಚೇರಿಯ ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ, ತೋಟವನ್ನೂ ಊರನ್ನೂ ನೋಡಿ ಗೊತ್ತುಮಾಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಲ್ಲಿ ಹೊರಗೆ ಹೆಚ್ಚು ನಿಲ್ಲಲಾಗದ ದಿನಗಳು ಯಂತ್ರಗಳ ಪಾಠಕ್ಕೆ, ಲೆಕ್ಕಪುಸ್ತಕಕ್ಕೆ, ಅಡುಗೆಮನೆಗೆ ಒಳ್ಳೆಯವು. ಕಾಂಡಕೊರಕ ಗುರುತಿಸುವ ಪಾಠ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ. ಕೊಯ್ಲಿನ ಪಾಠ ಅಕ್ಟೋಬರ್ ಕೊನೆಯಲ್ಲಿ, ಅಂದರೆ ಅರೇಬಿಕಾ ಹಣ್ಣಾಗುವುದಕ್ಕೆ ಸ್ವಲ್ಪ ಮೊದಲು. ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳ ದಿನಗಳಲ್ಲಿ ಏನನ್ನೂ ಇಡಬೇಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲಿ ನಡೆಯುವಾಗ, ತನ್ನ ಒಕ್ಕದ (ಮನೆತನದ) ತಂಡದಲ್ಲಿ ಆಡುವ ಹುಡುಗನಿಗೆ ರಜೆ ಕೊಡಲೇಬೇಕು. ಕೊಡದಿದ್ದರೂ ಅವನು ಹೋಗುತ್ತಾನೆ, ಹೋಗಬೇಕಾದದ್ದೂ ಹೌದು. ರಜೆಯ ಪಟ್ಟಿಯನ್ನು ಫೆಬ್ರವರಿಯಲ್ಲೇ ಬರೆಸಿಕೊಂಡರೆ ಇಬ್ಬರಿಗೂ ನೆಮ್ಮದಿ.

ಹಂತ 10: ಅಳತೆ, ಮತ್ತು ಮುಂದಿನ ದಾರಿ

ಬರವಣಿಗೆಯ ಪರೀಕ್ಷೆ ಬೇಡ. ಕೊಯ್ದ ಬುಟ್ಟಿಯಿಂದ ಕಣ್ಣು ಮುಚ್ಚಿ ನೂರು ಕಾಯಿ ಎತ್ತಿ, ಅದರಲ್ಲಿ ಹಸಿರು ಎಷ್ಟು ಎಂದು ಕೊಯ್ದವರೇ ಎಣಿಸಲಿ. ಮೊದಲ ದಿನ, ಏಳನೆಯ ದಿನ, ಮೂವತ್ತನೆಯ ದಿನದ ಲೆಕ್ಕವನ್ನು ಅವರ ಹಾಳೆಯಲ್ಲೇ ಬರೆಯಲಿ. ತನ್ನ ಅಂಕಿ ಇಳಿಯುವುದನ್ನು ತಾನೇ ಕಂಡವನಿಗೆ ಬೇರೆ ಪ್ರಶಂಸಾಪತ್ರ ಬೇಕಾಗುವುದಿಲ್ಲ. ಈ ಲೆಕ್ಕವನ್ನು ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸಲು ಬಳಸಬೇಡಿ. ಎಲ್ಲರ ಲೆಕ್ಕವೂ ಒಂದೇ ಜಾಗದಲ್ಲಿ ಕೆಟ್ಟಿದ್ದರೆ ತಪ್ಪು ನಿಮ್ಮ ಪಾಠದಲ್ಲಿದೆ.

ಯುವಕರು ಉಳಿಯುವುದು ಮುಂದೆ ದಾರಿ ಕಂಡಾಗ. ಸಿಂಪಡಣೆ, ಯಂತ್ರ, ಕಣ, ಕಸಿ ಹೀಗೆ ಒಂದೊಂದು ಕೌಶಲ ಕೈಗೂಡಿದಾಗಲೂ ಕೂಲಿಯಲ್ಲಿ ಎಷ್ಟು ಹೆಚ್ಚುತ್ತದೆ ಎಂಬುದನ್ನು ಬರೆದು ಗೋಡೆಗೆ ಹಾಕಿ, ಮಾತು ಉಳಿಸಿಕೊಳ್ಳಿ. ಆಸಕ್ತಿ ಇರುವವರನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಕಾಫಿಯನ್ನು ಹುರಿದು, ಕುದಿಸಿ, ರುಚಿ ನೋಡುವುದರಲ್ಲಿ ಒಲವುಳ್ಳವರಿಗೆ ಕಾಫಿ ಮಂಡಳಿ ಬೆಂಗಳೂರಿನಲ್ಲಿ ನಡೆಸುವ ಕಾಪಿ ಶಾಸ್ತ್ರ ತರಬೇತಿಯ ಬಗ್ಗೆ ತಿಳಿಸಿ. ಕಲಿತು ಬಿಟ್ಟು ಹೋದರೆ ಏನು ಮಾಡುವುದು ಎಂದು ಕೇಳುವವರಿಗೆ ನಾನು ಹೇಳುವುದು, ಕಲಿಯದೆ ಇಲ್ಲೇ ಉಳಿದರೆ ಆಗುವ ನಷ್ಟವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ ಎಂದು.

ಬಿಟ್ಟು ಹೋಗುವವರನ್ನು ಕೊನೆಯ ಬಟವಾಡೆಯ ದಿನ ಅರ್ಧ ಗಂಟೆ ಕೂರಿಸಿ ಎರಡು ಪ್ರಶ್ನೆ ಕೇಳಿ: ಇಲ್ಲಿ ನಿಮಗೆ ಯಾರೂ ಹೇಳಿಕೊಡದೆ ನೀವಾಗಿಯೇ ಕಲಿಯಬೇಕಾಗಿ ಬಂದದ್ದು ಯಾವುದು, ನಾವು ಹೇಳಿಕೊಟ್ಟದ್ದರಲ್ಲಿ ಉಪಯೋಗಕ್ಕೆ ಬಾರದೆ ಹೋದದ್ದು ಯಾವುದು. ಉತ್ತರಗಳನ್ನು ಆ ಮೂರು ಕಾಲಂಗಳ ನೋಟ್‌ಬುಕ್ಕಿನಲ್ಲೇ, ಆಯಾ ಕೆಲಸದ ಪುಟದ ಕೆಳಗೆ, ದಿನಾಂಕ ಹಾಕಿ ಬರೆಯಿರಿ. ನಮ್ಮ ನೋಟ್‌ಬುಕ್ಕಿನಲ್ಲಿ ಪಲ್ಪರಿನ ಪುಟದ ಕೆಳಗೆ ಈಗ ಹೀಗೊಂದು ಸಾಲಿದೆ: "ಗೇಟ್‌ವಾಲ್ವಿಗೆ ಅಕ್ಟೋಬರಿನಲ್ಲೇ ಗ್ರೀಸ್ ಹಾಕಬೇಕು, ಹೊಸಬರಿಂದಲೇ ತಿರುಗಿಸಿ ನೋಡಬೇಕು."